‘ಮರಳುಗಾಡು’, ‘ಬೆಂಗಾಡು’, ‘ಮರುಭೂಮಿ’: ಗೋಬಿಗೆ ಯಾವುದು ಹೊಂದುತ್ತದೆ?

ಪದಾಸಕ್ತರಾದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರಗಳು.

ರಷ್ಯದ ಸೇನಾಧಿಕಾರಿ ನಿಕೊಲಾಯ್ ಪ್ರಝೆವಾಲ್ಸ್ಕಿಯ (1839–1888) ಬದುಕನ್ನು ಕುರಿತು ಪ್ರೌಢಶಾಲೆಯ ಮಕ್ಕಳೂ ಓದಬಹುದಾದ ಒಂದು ಪುಸ್ತಿಕೆಯನ್ನು ಬರೆಯುತ್ತಿದ್ದೇನೆ. ವಾರ್ಸಾದ ಸೈನಿಕ ಶಾಲೆಯಲ್ಲಿ ಭೂಗೋಳವನ್ನೂ ಇತಿಹಾಸವನ್ನೂ ಕಲಿಸುತ್ತಿದ್ದ ಈತ ಮೊದಲು ರಷ್ಯ–ಚೀನ ಗಡಿಯ ಉಸ್ಸೂರಿ ನದಿಯ ಸೀಮೆಯನ್ನು ಸುತ್ತಿ, ಅನಂತರ 1870ರಿಂದ 1885ರ ನಡುವೆ ನಾಲ್ಕು ಬಾರಿ ಮಧ್ಯ ಏಷ್ಯಕ್ಕೆ ಹೋಗಿಬಂದು, ಸಾವಿರಾರು ಗಿಡಗಳ, ಹಕ್ಕಿಗಳ, ಪ್ರಾಣಿಗಳ ಮಾದರಿಗಳನ್ನು ಒಂಟೆಗಳ ಮೇಲೆ ಹೇರಿಕೊಂಡು ತಂದವನು. ಪುಸ್ತಿಕೆಯ ಮೊದಲ ವಾಕ್ಯದಲ್ಲಿಯೇ ಒಂದು ಪದ ನನ್ನನ್ನು ತಡೆದು ನಿಲ್ಲಿಸಿದೆ. ‘1870ರ ಚಳಿಗಾಲದಲ್ಲಿ ಪ್ರಝೆವಾಲ್ಸ್ಕಿ ಗೋಬಿ ಮರಳುಗಾಡಿಗೆ ಕಾಲಿಟ್ಟ’ ಎಂದು ಬರೆದವನು ಅದನ್ನು ಹೊಡೆದುಹಾಕಿ, ‘ಬೆಂಗಾಡು’ ಎಂದು ತಿದ್ದಿ, ಮತ್ತೆ ಅದನ್ನೂ ಹೊಡೆದುಹಾಕಿದ್ದೇನೆ.

ಮೊದಲನೆಯ ತೊಡಕು ಮರಳಿನದು. ಮಂಗೋಲಿಯ, ಉತ್ತರ ಚೀನಗಳಲ್ಲಿ ಹರಡಿರುವ ಗೋಬಿಯಲ್ಲಿ ಮರಳು ದಿಬ್ಬಗಳು ಇಲ್ಲವೆಂದಲ್ಲ, ಆದರೆ ಅವು ಆ ವಿಸ್ತಾರದ ಸಣ್ಣದೊಂದು ಪಾಲು ಮಾತ್ರ. ಉಳಿದದ್ದೆಲ್ಲ ಹರಳುಗಲ್ಲು ಹಾಸಿದ ಬಯಲು, ಬೋಳುಬಂಡೆ, ಉಪ್ಪು ಕಟ್ಟಿದ ತಗ್ಗು, ಅಲ್ಲಲ್ಲಿ ಗಿಡ್ಡ ಪೊದೆ. ಮಂಗೋಲರ ನುಡಿಯಲ್ಲಿ ‘ಗೊವಿ’ ಎಂಬುದು ಮೊದಲಿಗೆ ಅಂಕಿತನಾಮವೇ ಅಲ್ಲ; ನೀರು ವಿರಳವಾದ, ಹರಳು ತುಂಬಿದ, ಮೇವು ತೆಳ್ಳಗಿರುವ ಬಯಲಿಗೆ ಅವರು ಇಟ್ಟುಕೊಂಡಿರುವ ಸಾಮಾನ್ಯ ಹೆಸರು ಅದು. ಬೆಟ್ಟ, ಕಾಡು, ಹೊಳೆಗಳಿರುವ ಹಸಿರು ಸೀಮೆಯನ್ನು ಅವರು ‘ಖಾಂಗಾಯ್’ ಎಂದು ಬೇರೆಯಾಗಿಯೇ ಕರೆಯುತ್ತಾರೆ. ನಮ್ಮ ಬಯಲುಸೀಮೆಯ ರೈತರು ‘ಗರಸು ನೆಲ’ ಎನ್ನುವಾಗ ಕಣ್ಣ ಮುಂದೆ ಬರುವ ನೆಲವನ್ನು ಸಾವಿರ ಪಾಲು ಹಿಗ್ಗಿಸಿದರೆ ಗೊವಿಯ ಹೋಲಿಕೆ ಸ್ವಲ್ಪಮಟ್ಟಿಗೆ ಸಿಕ್ಕೀತು. ‘ಮರಳುಗಾಡು’ ಎಂದು ಓದಿದ ಮಗುವಿನ ಮನಸ್ಸಿಗೆ ಮಾತ್ರ ತಲಕಾಡಿನ ಮರಳಗುಡ್ಡೆಯೋ ರಾಜಸ್ಥಾನದ ಚಿತ್ರಪಟವೋ ಬರುತ್ತದೆ. ಕುದುರೆಯ ಗೊರಸಿಗೆ ಕಲ್ಲು ಕಟಕಟ ತಾಗುವ ನೆಲ ಬರುವುದಿಲ್ಲ.

‘ಬೆಂಗಾಡು’ ಕಿವಿಗೆ ಎಷ್ಟು ಚೆನ್ನಾದ ಪದ! ‘ಬೆನ್ನೀರು’ ಎಂಬಲ್ಲಿ ಇರುವ ಬಿಸಿಯೇ ಇಲ್ಲಿಯೂ ಇದೆ. 1873ರ ಬೇಸಿಗೆಯಲ್ಲಿ ಪ್ರಝೆವಾಲ್ಸ್ಕಿ ಗೋಬಿಯ ದಕ್ಷಿಣದ ಅಲಾಶಾನ್ ಸೀಮೆಯಿಂದ ಉತ್ತರಕ್ಕೆ, ಇಂದು ಉಲಾನ್‌ಬಾತರ್ ಎನಿಸಿರುವ ಉರ್ಗಾದ ಕಡೆಗೆ ನಡೆದಾಗ ಆ ನೆಲ ಬೆಂಗಾಡೇ ಆಗಿತ್ತು. ದಾರಿ ತೋರುವವನು ಹೇಳಿದ ಬಾವಿ ಹೇಳಿದಷ್ಟು ಹತ್ತಿರದಲ್ಲಿರಲಿಲ್ಲ, ಜತೆಗಿದ್ದ ನೀರು ಮುಗಿಯುತ್ತ ಬಂದಿತ್ತು, ಪ್ರಯಾಣದುದ್ದಕ್ಕೂ ಒಡನಿದ್ದ ಬೇಟೆನಾಯಿ ಫೌಸ್ಟ್ ಬಿಸಿಲು ತಾಳಲಾರದೆ ಸತ್ತಿತು. ಆದರೆ ಅದೇ ಗೋಬಿಯನ್ನು ಆತ ಮೊದಲ ಸಲ ದಾಟಿದ್ದು 1870ರ ಕೊನೆಯಲ್ಲಿ, ರಷ್ಯದ ಗಡಿಯೂರು ಕ್ಯಾಖ್ತಾದಿಂದ ಚೀನದ ಕಾಲ್ಗಾನಿಗೆ. ಚಳಿಗಾಲದಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೂ ಇಳಿಯುವುದುಂಟು. ಹಿಮಗಾಳಿ ಬೀಸುವ ನೆಲವನ್ನು ಬೆಂಗಾಡು ಎಂದು ಕರೆಯಲು ನನ್ನ ಕೈ ಬರುತ್ತಿಲ್ಲ.

ಹೀಗಾಗಿ ‘ಮರುಭೂಮಿ’ಯೇ ಸರಿ ಎಂಬ ಕಡೆಗೆ ನಾನು ವಾಲಿದ್ದೇನೆ. ‘ಮರು’ವಿಗೂ ‘ಮರಳು’ ಎಂಬ ಪದಕ್ಕೂ ನಂಟಿದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ‘ಮರುದಿನ’, ‘ಮರುಮಾತು’ಗಳಲ್ಲಿರುವ ಕನ್ನಡದ ‘ಮರು’ವೂ ಇದಲ್ಲ. ಇದು ಸಂಸ್ಕೃತದ ಪದ, ನೀರಿಲ್ಲದ ನೆಲ ಎಂಬುದು ಇದರ ಅರ್ಥ. ಅಮರಕೋಶ ‘ಮರು’, ‘ಧನ್ವ’ ಎರಡನ್ನೂ ಒಂದೇ ಅರ್ಥದ ಪದಗಳೆಂದು ಜೊತೆಗಿಡುತ್ತದೆ. ನೆಲ ಬಿಸಿಯೇ ತಣ್ಣಗೆಯೇ, ಮರಳೇ ಕಲ್ಲೇ ಎಂಬ ಗೊಡವೆಗೆ ಹೋಗದೆ ನೀರಿನ ಕೊರತೆಯೊಂದನ್ನೇ ಹಿಡಿದು ಹೇಳುವ ಈ ಪದ ಗೋಬಿಗೆ ಚೆನ್ನಾಗಿ ಒಪ್ಪುತ್ತದೆ. ಹರಳು ಹಾಸಿದ ನಿರ್ದಿಷ್ಟ ಜಾಗಗಳಿಗೆ ‘ಗರಸುಬಯಲು’ ಎಂದೂ, ದಿಬ್ಬಗಳಿರುವ ಕಡೆ ಮಾತ್ರ ‘ಮರಳುಗಾಡು’ ಎಂದೂ ಬಳಸಬಹುದಲ್ಲವೇ? ‘ಗರಸುಬಯಲು’ ನಾನೇ ಕೂಡಿಸಿಕೊಂಡ ಪದ. ಉತ್ತರ ಕರ್ನಾಟಕದ ಕಡೆಯವರಲ್ಲಿ ಇದಕ್ಕಿಂತ ಒಳ್ಳೆಯ ಪದವಿದ್ದರೆ ದಯವಿಟ್ಟು ತಿಳಿಸಬೇಕು.

ಇನ್ನು ಪ್ರಾಣಿಗಳ ಹೆಸರು. 1876–77ರಲ್ಲಿ ಪಶ್ಚಿಮ ಚೀನದ ಲೋಪ್‌ನೋರ್ ಸರೋವರದ ಕಡೆಗೆ ಪ್ರಝೆವಾಲ್ಸ್ಕಿ ಹೋದಾಗ ಅಲ್ಲಿನ ಬೇಟೆಗಾರರಿಂದ ಎರಡು ಡುಬ್ಬದ ಒಂಟೆಯ ಚರ್ಮಗಳು ಆತನಿಗೆ ದೊರೆತವು. ಯಾರೂ ಪಳಗಿಸದ ಒಂಟೆ ಅದು. ಮುಂದಿನ ಪ್ರಯಾಣದ ಹೊತ್ತಿನಲ್ಲಿ ಗಡಿಠಾಣೆಯಾದ ಝೈಸಾನಿನಲ್ಲಿ ಒಂದು ಕುದುರೆಯ ಚರ್ಮವೂ ತಲೆಬುರುಡೆಯೂ ಆತನ ಕೈಸೇರಿದವು. 1881ರಲ್ಲಿ ಪೊಲಿಯಾಕೊವ್ ಎಂಬ ವಿಜ್ಞಾನಿ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ ಪ್ರಝೆವಾಲ್ಸ್ಕಿಯ ಹೆಸರಿಟ್ಟ. ಇವುಗಳನ್ನು ‘ಕಾಡುಒಂಟೆ’, ‘ಕಾಡುಕುದುರೆ’ ಎಂದರೆ, ಮರವೇ ಇಲ್ಲದಲ್ಲಿ ಕಾಡು ಎಲ್ಲಿಯದು ಎಂದು ಕರಡು ಓದಿದ ಗೆಳೆಯರೊಬ್ಬರು ಕೇಳಿದರು. ನನಗೆ ಇದು ತೊಡಕೆನಿಸುವುದಿಲ್ಲ. ‘ಸುಡುಗಾಡು’ ಎಂಬಲ್ಲಿ ಮರಗಳ ಮಾತೇ ಇಲ್ಲ. ಊರಿನ, ಉಳುಮೆಯ ಹೊರಗಿನ ನೆಲವೆಲ್ಲ ನಮಗೆ ಕಾಡೇ. ಕಾಡುಹಂದಿ, ಕಾಡುಬೆಕ್ಕುಗಳಲ್ಲಿಯೂ ‘ಕಾಡು’ ಎಂದರೆ ಮನುಷ್ಯನಿಗೆ ಒಗ್ಗದ್ದು ಎಂದೇ ಅರ್ಥ. ಹಾಗಿದ್ದರೂ ಕುದುರೆಯ ವಿಷಯದಲ್ಲಿ ಮಂಗೋಲರ ‘ತಾಖಿ’ ಎಂಬ ಹೆಸರನ್ನೇ ಉಳಿಸಿಕೊಳ್ಳುತ್ತೇನೆ. ಸೇನಾಧಿಕಾರಿಯ ಹೆಸರು ಅಂಟುವುದಕ್ಕೆ ಎಷ್ಟೋ ಮೊದಲೇ ಆ ಪ್ರಾಣಿಗೆ ಹೆಸರಿತ್ತು. ಅದನ್ನು ಮಕ್ಕಳಿಗೆ ಹೇಳದೆ ಬಿಡುವುದು ತಪ್ಪಾಗುತ್ತದೆ.

ಕೊನೆಯ ಪ್ರಶ್ನೆ ಮನುಷ್ಯನನ್ನು ಕುರಿತದ್ದು, ನನ್ನನ್ನು ಹೆಚ್ಚು ಕಾಡುತ್ತಿರುವುದೂ ಇದೇ. ಐದನೆಯ ಪ್ರಯಾಣಕ್ಕೆ ಹೊರಟವನು 1888ರಲ್ಲಿ ಇಂದಿನ ಕಿರ್ಗಿಸ್ತಾನದ ಕಾರಕೊಲ್ ಎಂಬಲ್ಲಿ ಜ್ವರದಿಂದ ತೀರಿಕೊಂಡ. ಇಸ್ಸಿಕ್ ಕುಲ್ ಸರೋವರದ ದಡದಲ್ಲಿ, ಪ್ರಯಾಣದ ಉಡುಪಿನಲ್ಲಿಯೇ ತನ್ನನ್ನು ಹೂಳಬೇಕು, ಮೇಲೆ ‘ಪುತೆಶೆಸ್ತ್ವೆನ್ನಿಕ್ (ಪ್ರಯಾಣ ಮಾಡುವವನು) ಪ್ರಝೆವಾಲ್ಸ್ಕಿ’ ಎಂದಷ್ಟೇ ಬರೆಯಬೇಕು ಎಂದು ಕೇಳಿಕೊಂಡಿದ್ದ. ಮೇಜರ್ ಜನರಲ್ ಪದವಿಗೇರಿದ್ದವನು ಅದನ್ನು ಬಿಟ್ಟು ಆರಿಸಿಕೊಂಡ ಪದ ಇದು. ಅಲ್ಲಿ ಮುಂದೆ ಎದ್ದ ದೊಡ್ಡ ಸ್ಮಾರಕವಾದರೋ ಆತನನ್ನು ಮಧ್ಯ ಏಷ್ಯದ ಪ್ರಕೃತಿಯ ‘ಮೊದಲ ಇಸ್ಲೆದೊವಾತೆಲ್’ ಎಂದು ಕರೆಯುತ್ತದೆ. ಈ ಎರಡನೆಯದಕ್ಕೆ ‘ಶೋಧಕ’ ಸಾಕು. ‘ನಿಸರ್ಗವಾದಿ’ ಎಂದು ಕೆಲವರು ಬರೆಯುವುದನ್ನು ಕಂಡಿದ್ದೇನೆ. ‘ವಾದಿ’ ಸೇರಿದೊಡನೆ ಅದು ಒಂದು ತತ್ತ್ವವನ್ನು ನಂಬಿದವನ ಹೆಸರಾಗುವುದರಿಂದ ಗಿಡ ಒಣಗಿಸಿ, ಹಕ್ಕಿಯ ಚರ್ಮ ಸುಲಿದು, ದಿನಚರಿ ಬರೆದವನಿಗೆ ಹೊಂದುವುದಿಲ್ಲ. ‘ಮೊದಲ’ ಎಂಬ ಮಾತನ್ನೂ ನಾನು ಉದ್ಧರಣ ಚಿಹ್ನೆಯೊಳಗೇ ಇಡುತ್ತೇನೆ; ಬಾವಿಗಳಿಗೆ ದಾರಿ ತೋರಿದವರು ಆ ನಾಡಿನವರು, ಅವರ ಬಗ್ಗೆ ಆತನ ಬರಹದಲ್ಲಿ ತಾತ್ಸಾರವೂ ಇದೆ.

ಆದರೆ ‘ಪುತೆಶೆಸ್ತ್ವೆನ್ನಿಕ್’ಗೆ ಏನು ಹೇಳೋಣ? ‘ಪ್ರವಾಸಿ’ ಎಂದರೆ ಈಗ ರಜೆಯಲ್ಲಿ ಊರು ನೋಡಲು ಹೊರಟವನು, ‘ಯಾತ್ರಿಕ’ ಎಂದರೆ ದೇವರ ದರ್ಶನಕ್ಕೆ ಹೊರಟವನು. ರಷ್ಯನ್ನಿನ ‘ಪುತ್’ ಎಂದರೆ ಹಾದಿ. ಸಂಸ್ಕೃತದ ‘ಪಥ’ಕ್ಕೆ ಅದು ಬಳಗವೂ ಹೌದು. ಆ ಲೆಕ್ಕದಲ್ಲಿ ‘ಪಥಿಕ’ ತೀರ ಹತ್ತಿರದ ಪದ, ಆದರೆ ಕಾವ್ಯದ ವಾಸನೆ ಬಿಟ್ಟಿಲ್ಲ. ‘ದಾರಿಹೋಕ’ ಎಂದರೆ ಅರ್ಥ ಅದೇ ಆದರೂ, ನಮ್ಮ ಮನೆಯ ಮುಂದೆ ಹಾದುಹೋಗುವ ಯಾರೋ ಒಬ್ಬ ಎಂಬಷ್ಟಕ್ಕೆ ಅದು ಕುಗ್ಗಿದೆ. ‘ಪಯಣಿಗ’ ಎಂದು ಸದ್ಯಕ್ಕೆ ಕರಡಿನಲ್ಲಿ ಬರೆದಿಟ್ಟಿದ್ದೇನೆ. ಸಮಾಧಿಯ ಮೇಲೆ ಒಂದೇ ಪದವಾಗಿ ನಿಲ್ಲುವ ತೂಕ ಅದಕ್ಕಿದೆಯೇ, ಇಲ್ಲವೇ ಬೇರೆ ಪದ ನಿಮಗೆ ಹೊಳೆಯುತ್ತದೆಯೇ?