ಮೊದಲ ಹೆಂಡತಿ ಬಾವಿಗೆ ಬಿದ್ದು ತೀರಿಕೊಂಡಿದ್ದಾರೆ, ಇವರನ್ನು ನಂಬಬಹುದಾ?

ಕೇಳಿದವರು, ಕಲಬುರಗಿ

ನಾನು ಖಾಸಗಿ ಶಾಲೆಯಲ್ಲಿ ಟೀಚರ್. ವಯಸ್ಸು ಮೂವತ್ತೊಂದು. ನಾನು ಮದುವೆ ಆಗಬೇಕೆಂದಿರುವವರ ಮೊದಲ ಹೆಂಡತಿ 2021ರ ಮಳೆಗಾಲದಲ್ಲಿ ಚಿತ್ತಾಪುರದ ಕಡೆ ಅವರ ಹೊಲದ ಬಾವಿಗೆ ಬಿದ್ದು ತೀರಿಕೊಂಡರು. ಮದುವೆಯಾಗಿ ಆಗ ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ತವರಿನವರು ಮೊದಲು ಕಂಪ್ಲೇಂಟ್ ಕೊಟ್ಟಿದ್ದರಂತೆ. ಆಮೇಲೆ ಹಿರಿಯರು ಕೂತು ಮಾತಾಡಿದರಂತೆ, ಪೊಲೀಸರು ಕೇಸ್ ಮುಚ್ಚಲು ಬಿ ರಿಪೋರ್ಟ್ ಹಾಕಿದರಂತೆ. ಇದೆಲ್ಲ ಅವರ ಚಿಕ್ಕಮ್ಮ ಹೇಳಿದ್ದು. ಅವರನ್ನು ಕೇಳಿದರೆ "ಕಾಲು ಜಾರಿತು" ಅಂತ ಒಂದೇ ಮಾತು, ಆಮೇಲೆ ಕಣ್ಣಲ್ಲಿ ನೀರು.

ನನ್ನನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅಮ್ಮನ ಶುಗರ್ ಮಾತ್ರೆ ತಿಂಗಳು ತಪ್ಪದೆ ತಂದುಕೊಡುತ್ತಾರೆ. ನನ್ನ ಸಂಬಳ ಎಷ್ಟು ಅಂತ ಇವತ್ತಿಗೂ ಕೇಳಿಲ್ಲ. ಅಮ್ಮ ಒಳ್ಳೆ ಹುಡುಗ ಅಂತಾಳೆ, ಅಣ್ಣ ಬೇಡವೇ ಬೇಡ ಅಂತಾನೆ. ಇಷ್ಟು ಪ್ರೀತಿ ಮಾಡುವ ಮನುಷ್ಯ ಅಂಥದ್ದು ಮಾಡಿರಲು ಸಾಧ್ಯವಾ? ಇಂಥದ್ದನ್ನು ಹತ್ತಿರದಿಂದ ಕಂಡವರು ಹೇಳಿ.

ಹುಮನಾಬಾದಿನ ಅಕ್ಕ

ತಂಗಿ, ನಾನೂ ಎರಡನೇ ಸಂಬಂಧಕ್ಕೆ ಹೋದವಳು. ನಮ್ಮ ಯಜಮಾನರ ಮೊದಲ ಹೆಂಡತಿ ಸ್ಟೋವ್ ಸಿಡಿದು ತೀರಿಕೊಂಡಿದ್ದರು. ಊರಲ್ಲಿ ಎರಡು ಥರದ ಮಾತಿತ್ತು. ಮದುವೆಗೆ ಮುಂಚೆ ಆ ಹೆಣ್ಣುಮಗಳ ತವರಿಗೆ ಹೋಗಿ ಬರಬೇಕು ಅಂತ ನಾನು ಹಟ ಹಿಡಿದೆ. ಇವರಿಗೆ ಹೇಳಿದಾಗ, "ನಾ ಬಂದ್ರ ಅವ್ರು ಬಿಚ್ಚಿ ಮಾತಾಡಂಗಿಲ್ಲ, ನೀವೇ ಹೋಗಿ ಬರ್ರಿ" ಅಂದರು. ನಮ್ಮ ಸೋದರತ್ತೆಯನ್ನು ಕರೆದುಕೊಂಡು ಹೋದೆ.

ಆ ತಾಯಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ನಾವು ಯಾರು ಅಂತ ಗೊತ್ತಾದ ಮೇಲೂ ಬಡಿಯುವುದು ನಿಲ್ಲಿಸಲಿಲ್ಲ. ಹಿಟ್ಟು ಮುಗಿಯುವ ತನಕ ಒಂದು ಮಾತಿಲ್ಲ. ಆಮೇಲೆ ಕೈ ತೊಳೆದುಕೊಂಡು ಕೇಳಿದ್ದು, "ಅಂವನ ಕೈ ನೋಡೀಯೇನವ್ವಾ?" ನಾನು ನೋಡಿರಲಿಲ್ಲ, ಇವರು ಯಾವಾಗಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದರು. "ಕೌದಿ ಹೊಚ್ಚಿ ಆರಸ್ಲಾಕ ಹೋಗಿ ಮೊಣಕೈ ತನ ಸುಟ್ಟಕೊಂಡಾನ. ಜಗಳ ಆಡ್ತಿದ್ರು, ಇಲ್ಲ ಅನ್ನಂಗಿಲ್ಲ. ಆದ್ರ ಇದು ಅಂವ ಮಾಡಿದ್ದಲ್ಲ" ಅಂದರು. ಮಗಳನ್ನು ಕಳೆದುಕೊಂಡ ತಾಯಿ ಇಷ್ಟು ಹೇಳಿದ ಮೇಲೆ ನನಗೆ ಬೇರೆ ಏನೂ ಬೇಕಾಗಲಿಲ್ಲ. ನೀನೂ ಹೋಗು. ಹೋಗುತ್ತೇನೆ ಅಂತ ಅವರಿಗೆ ಹೇಳಿಯೇ ಹೋಗು.

ಯಾದಗಿರಿ, ವಕೀಲರ ಆಫೀಸಿನಲ್ಲಿ ಕೆಲಸ

ಅಕ್ಕಾ, ತವರಿಗೆ ಹೋಗಬೇಕು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕೈ ಸುಟ್ಟಿದ್ದರಿಂದಲೇ ತೀರ್ಮಾನಕ್ಕೆ ಬರಲು ಆಗುವುದಿಲ್ಲ. ಸಿಟ್ಟಲ್ಲಿ ಬೆಂಕಿ ಹಚ್ಚಿ ಮರುಕ್ಷಣವೇ ಆರಿಸಲು ಓಡಿದ ಗಂಡಂದಿರ ಕೇಸುಗಳೂ ಕೋರ್ಟಿಗೆ ಬಂದಿವೆ.

ಹುಮನಾಬಾದಿನ ಅಕ್ಕ

ಹೌದಪ್ಪ. ಆಕೆ ಆಸ್ಪತ್ರೆಯಲ್ಲಿ ಕೆಲವು ದಿನ ಜೀವ ಹಿಡಿದುಕೊಂಡಿದ್ದರು. ತಹಶೀಲ್ದಾರರ ಮುಂದೆ ತಾವೇ ಹೇಳಿಕೆ ಕೊಟ್ಟಿದ್ದರು. ತಾಯಿಯ ಧೈರ್ಯ ಅದರ ಮೇಲೇ ನಿಂತಿತ್ತು. ಬಾವಿಗೆ ಬಿದ್ದವರಿಗೆ ಆ ಅವಕಾಶವೂ ಇರುವುದಿಲ್ಲ, ಈ ತಂಗಿಯ ಕಷ್ಟ ಅದೇ.

ಶಹಾಪುರದಿಂದ ಒಬ್ಬ ಅಣ್ಣ

ನಾನು ಆಚೆ ಕಡೆಯವನು. ಸತ್ತವಳು ನನ್ನ ತಂಗಿ.

ಮಣ್ಣು ಮಾಡುವ ದಿನ ಎಲ್ಲರಿಗಿಂತ ಜಾಸ್ತಿ ಅತ್ತವನು ಅವಳ ಗಂಡ. ಅದು ಸುಳ್ಳು ಅಳು ಅಲ್ಲ. ಅವನಿಗೆ ಅವಳ ಮೇಲೆ ಪ್ರೀತಿ ಇತ್ತು ಅಂತ ಇವತ್ತಿಗೂ ಹೇಳುತ್ತೇನೆ. ಬೈಕಿನಲ್ಲಿ ಕೂರಿಸಿಕೊಂಡು ಸುರಪುರಕ್ಕೆ ಹೋಗಿ ಅವಳು ಕೇಳಿದ ಸೀರೆ ಕೊಡಿಸುತ್ತಿದ್ದ. ಹೊಡೆಯುತ್ತಲೂ ಇದ್ದ. ಎರಡೂ ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ ನಡೆಯುತ್ತಿತ್ತು.

ಕೊನೆಯ ಪಂಚಮಿಗೆ ಮನೆಗೆ ಬಂದಾಗ ಜೋಕಾಲಿ ಹತ್ತಲಿಲ್ಲ. ಸಣ್ಣವಳಿದ್ದಾಗಿನಿಂದ ಬೇವಿನ ಮರದ ಜೋಕಾಲಿಯಿಂದ ಇಳಿಸುವುದೇ ಕಷ್ಟ ಆಗುತ್ತಿದ್ದ ಹುಡುಗಿ. "ತೋಳು ನೋಯ್ತಾವಣ್ಣಾ, ಹಗ್ಗ ಹಿಡಿಲಾಕ ಆಗಂಗಿಲ್ಲ" ಅಂದಳು. ಹೊಲದಲ್ಲಿ ಕಳೆ ತೆಗೆದು ನೋವು ಅಂದಳು. ಅವ್ವ ರಾತ್ರಿ ಎಣ್ಣೆ ಹಚ್ಚಲು ಹೋದರೆ ಕುಪ್ಪಸದ ತೋಳು ಮೇಲೆ ಸರಿಸಲು ಬಿಡಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೇ ಫೋನ್ ಬಂತು. ಕೇಸ್ ಆಯಿತು, ಎರಡೂ ಕಡೆಯ ಹಿರಿಯರು ಕೂತರು, ಮಗುವಿನ ಹೆಸರಿಗೆ ಎರಡು ಎಕರೆ ಅಂತ ಬರೆಸಿದರು, ನಮ್ಮ ಕಡೆಯ ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿ ಬಿದ್ದರು. ಅವನು ಖುಲಾಸೆ. ಅವನಿಗೆ ಈಗ ಇನ್ನೊಂದು ಮದುವೆಯಾಗಿದೆ. ಆ ಹೆಣ್ಣುಮಗಳು ನಮ್ಮ ಮನೆಗೆ ಬಂದು ಕೇಳಿದ್ದರೆ ನಾನು ಎಲ್ಲ ಹೇಳುತ್ತಿದ್ದೆ. ಯಾರೂ ಬರಲಿಲ್ಲ.

ಅದಕ್ಕೇ ತಂಗಿ, "ಇಷ್ಟು ಪ್ರೀತಿ ಮಾಡುವವನು ಮಾಡಿರಲು ಸಾಧ್ಯವಾ" ಅನ್ನುವ ಪ್ರಶ್ನೆ ಬಿಟ್ಟುಬಿಡಿ. ಅವನ ಪ್ರೀತಿ ನಿಜವೇ ಇರಬಹುದು. ಅದರಿಂದ ಬಾವಿಯ ಹತ್ತಿರ ಆ ದಿನ ಏನಾಯಿತು ಅನ್ನುವುದು ಗೊತ್ತಾಗುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು. ಸಾಯುವ ಮುಂಚಿನ ತಿಂಗಳು ಆಕೆ ತವರಿಗೆ ಫೋನ್ ಮಾಡಿ ಏನು ಹೇಳಿದ್ದಳು, ಹಬ್ಬಕ್ಕೆ ಬಂದಾಗ ಹೇಗಿದ್ದಳು, ಪಕ್ಕದ ಮನೆಯವರು ಏನು ಕೇಳಿಸಿಕೊಂಡಿದ್ದರು.

ಬೀದರ್

ಬಿಟ್ಟುಬಿಡಿ ಮೇಡಂ. ಸಂಶಯ ಇಟ್ಟುಕೊಂಡು ಸಂಸಾರ ಮಾಡಲು ಆಗುವುದಿಲ್ಲ.

ಆಳಂದ ತಾಲ್ಲೂಕು

ಇಷ್ಟು ಸುಲಭವಾಗಿ ಬಿಟ್ಟುಬಿಡಿ ಅನ್ನಬೇಡಿ. ನನ್ನ ಹೆಂಡತಿ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡಾಗ ನಾನು ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಮಾರಲು ಹೋಗಿದ್ದೆ. ಅಡತಿ ಅಂಗಡಿಯ ತೂಕದ ಚೀಟಿ ಇತ್ತು, ಹಾವಿನ ವಿಷ ಅಂತ ವರದಿಯೂ ಬಂತು. ಆದರೂ ಚಹಾದಂಗಡಿಯಲ್ಲಿ ನಾನು ಹೋಗಿ ಕೂತರೆ ಮಾತು ನಿಲ್ಲುತ್ತಿತ್ತು. ಆ ಚೀಟಿ ಈಗಲೂ ನನ್ನ ಪಾಕೀಟಿನಲ್ಲಿದೆ, ಅಕ್ಷರ ಅಳಿಸಿಹೋಗಿವೆ.

ಅವರು ಒಂದೇ ಮಾತಲ್ಲಿ ಮುಗಿಸುತ್ತಾರೆ ಅಂದಿರಿ. ನಾನೂ ಹಾಗೇ ಮುಗಿಸುತ್ತಿದ್ದೆ. ಬಿಡಿಸಿ ಹೇಳಲು ಹೋದರೆ ಆ ದಿನ ಪೂರ್ತಿ ಮತ್ತೆ ನೋಡಬೇಕಾಗುತ್ತದೆ. ಮಾತಾಡದವನೆಲ್ಲ ಅಪರಾಧಿ ಅಲ್ಲ. ಆದರೆ ನನ್ನನ್ನು ಮದುವೆಯಾಗುವ ಹೆಣ್ಣುಮಗಳು ಎದುರು ಕೂತು, "ನನಗ ಎಲ್ಲಾ ತಿಳೀಬೇಕ್ರಿ" ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಆಕೆಗೆ ಕೇಳುವ ಹಕ್ಕಿದೆ. ಒಂದು ಸಲ, ಸಮಾಧಾನವಾಗಿ, ಬೇರೆ ಯಾರೂ ಇಲ್ಲದಾಗ ಕೇಳಿ.

ಯಾದಗಿರಿ, ವಕೀಲರ ಆಫೀಸಿನಲ್ಲಿ ಕೆಲಸ

"ಬೇರೆ ಯಾರೂ ಇಲ್ಲದಾಗ" ಬೇಡ. ನಿಮ್ಮ ಮನೆಯಲ್ಲೇ ಕೇಳಿ, ಅಣ್ಣ ಪಕ್ಕದ ಕೋಣೆಯಲ್ಲಿರಲಿ.

ಈಗ ಕಾಗದಪತ್ರದ ವಿಷಯ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸಂಶಯ ಬರುವ ಹಾಗೆ ಸತ್ತರೆ ತಹಶೀಲ್ದಾರ್ ಅಥವಾ ಎಸಿ (ಉಪವಿಭಾಗಾಧಿಕಾರಿ) ಬಂದು ಶವ ಪಂಚನಾಮೆ ಮಾಡುತ್ತಾರೆ, ಪೋಸ್ಟ್‌ಮಾರ್ಟಂ ಆಗಲೇಬೇಕು. ಹಾಗಾಗಿ ಈ ಸಾವಿಗೂ ಒಂದು ಫೈಲ್ ಇರಬೇಕು. ಅವರ ಹತ್ತಿರ ಅಥವಾ ಅವರ ವಕೀಲರ ಹತ್ತಿರ ನಕಲು ಇರಬಹುದು. ಕೇಳಿ ತೆಗೆದುಕೊಳ್ಳಿ.

ಪೋಸ್ಟ್‌ಮಾರ್ಟಂ ವರದಿಯಿಂದ ಜಾಸ್ತಿ ನಿರೀಕ್ಷೆ ಬೇಡ. ನೀರಲ್ಲಿ ಮುಳುಗಿ ಸತ್ತರಾ, ಸತ್ತ ಮೇಲೆ ನೀರಿಗೆ ಹಾಕಿದರಾ ಅನ್ನುವುದನ್ನು ಡಾಕ್ಟರು ಬಹಳ ಸಲ ಹೇಳಬಲ್ಲರು. ಮೈಮೇಲಿನ ಗಾಯ ಜೀವ ಇದ್ದಾಗ ಆದದ್ದಾ, ಆಮೇಲಾ ಅನ್ನುವುದನ್ನೂ ಬರೆದಿರುತ್ತಾರೆ. ಆದರೆ ಕಾಲು ಜಾರಿತಾ, ತಾವೇ ಹಾರಿದರಾ, ಯಾರಾದರೂ ನೂಕಿದರಾ ಅನ್ನುವುದು ಆ ಒಂದು ವರದಿಯಿಂದ ಗೊತ್ತಾಗುವುದಿಲ್ಲ. ಅದಕ್ಕೆ ಸ್ಥಳ ಪಂಚನಾಮೆ ಓದಬೇಕು. ಬಾವಿಗೆ ಕಟ್ಟೆ ಇದೆಯಾ, ಚಪ್ಪಲಿ ಎಲ್ಲಿ ಬಿದ್ದಿತ್ತು, ಕೊಡ ಎಲ್ಲಿತ್ತು, ಮೊದಲು ನೋಡಿದವರು ಯಾರು. ನೀರು ತರಲು ಹೋಗಿದ್ದರು ಅಂತ ಹೇಳಿಕೆ ಇದ್ದು ಕೊಡ ಮನೆಯಲ್ಲೇ ಇದ್ದರೆ, ಅದು ಕೇಳಬೇಕಾದ ಪ್ರಶ್ನೆ.

ಬಿ ರಿಪೋರ್ಟ್ ಅಂದರೆ ಬಿಡುಗಡೆ ಅಲ್ಲ. ಕೇಸ್ ನಡೆಸುವಷ್ಟು ಸಾಕ್ಷಿ ಸಿಗಲಿಲ್ಲ ಅಥವಾ ದೂರು ಸರಿಯಿಲ್ಲ ಅಂತ ಪೊಲೀಸರು ಕೋರ್ಟಿಗೆ ಹೇಳಿದ್ದು ಅಷ್ಟೇ. ಕೋರ್ಟ್ ಅದನ್ನು ಒಪ್ಪಿತಾ ಅಂತ ನೋಡಬೇಕು. ದೂರು ಕೊಟ್ಟವರಿಗೆ ತಕರಾರು ಅರ್ಜಿ ಹಾಕುವ ಅವಕಾಶ ಇರುತ್ತದೆ, ಹಾಕಿದ್ದರಾ ಕೇಳಿ. ಇನ್ನು ಹಿರಿಯರ ರಾಜಿ. ತವರಿನವರ ದೂರು ವರದಕ್ಷಿಣೆ ಸಾವಿನದ್ದಾಗಿದ್ದರೆ, 2021ರಲ್ಲಿ ಅದಕ್ಕೆ ಐಪಿಸಿ 304ಬಿ ಇತ್ತು, 2024ರ ಜುಲೈ 1ರಿಂದ ಅದೇ ವರದಕ್ಷಿಣೆ ಸಾವು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂನಲ್ಲಿದೆ. ಕಡಿಮೆ ಅಂದರೂ ಏಳು ವರ್ಷ, ಜಾಸ್ತಿ ಅಂದರೆ ಜೀವಾವಧಿ. ಇದು ಕಟ್ಟೆ ಮೇಲೆ ಕೂತು ರಾಜಿ ಮಾಡಿ ಮುಗಿಸುವ ಕೇಸೇ ಅಲ್ಲ. ಹಾಗಂತ ರಾಜಿ ಆಗಿದೆ ಅಂದ ಮಾತ್ರಕ್ಕೆ ತಪ್ಪು ಮಾಡಿದ್ದಾರೆ ಅಂತಲೂ ಅಲ್ಲ. ಕೋರ್ಟಿಗೆ ಅಲೆಯಲಾರದೆ ದುಡ್ಡು ಕೊಟ್ಟು ಮುಗಿಸುವ ಮನೆಗಳೂ ಇವೆ. ದುಡ್ಡು ಕೈ ಬದಲಾಗಿದೆಯಾ, ಯಾಕೆ ಅಂತ ಎರಡೂ ಕಡೆ ಕೇಳಿ, ಎರಡು ಉತ್ತರ ಹೊಂದುತ್ತವಾ ನೋಡಿ.

ಫೈಲ್ ಅರ್ಥವಾಗದಿದ್ದರೆ ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಫೋನ್ 15100.

ಸೇಡಂ, ಮಹಿಳೆಯರ ಜೊತೆ ಕೆಲಸ ಮಾಡುವವಳು

ಎಲ್ಲರೂ ಆ ದಿನದ ಬಗ್ಗೆ ಹೇಳುತ್ತಿದ್ದೀರಿ. ನಾನು ಈಗಿನದ್ದು ಕೇಳುತ್ತೇನೆ. ನೀವು ಒಂದು ವಿಷಯಕ್ಕೆ ಬೇಡ ಅಂದಾಗ ಅವರು ಏನು ಮಾಡುತ್ತಾರೆ? ಸಿನಿಮಾ ಬೇಡ, ಈ ಭಾನುವಾರ ಸಿಗುವುದು ಬೇಡ, ಅಂಥ ಸಣ್ಣ ವಿಷಯಕ್ಕೆ. ಫೋನ್ ಎತ್ತದಿದ್ದರೆ ಎಷ್ಟು ಸಲ ಮಾಡುತ್ತಾರೆ? ಗೆಳತಿಯರನ್ನು ಭೇಟಿಯಾಗುವುದು ಕಡಿಮೆಯಾಗಿದೆಯಾ? ಮೊದಲ ಹೆಂಡತಿಯ ಬಗ್ಗೆ ಮಾತಾಡುವಾಗ ಅವಳೇ ಸರಿಯಿರಲಿಲ್ಲ ಅನ್ನುತ್ತಾರಾ? ಇವಕ್ಕೆ ಉತ್ತರ ಹುಡುಕಲು ಯಾವ ಫೈಲೂ ಬೇಕಿಲ್ಲ. ಹೆದರಿಕೆ ಆಗುವಂಥದ್ದು ಏನಾದರೂ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಕೇಳಿದವರು, ಕಲಬುರಗಿ

ಎಲ್ಲರ ಉತ್ತರವನ್ನೂ ಅಣ್ಣನ ಜೊತೆ ಕೂತು ಓದಿದೆ. ಶಹಾಪುರದ ಅಣ್ಣಾ, ನಿಮ್ಮ ತಂಗಿಯ ಜೋಕಾಲಿಯ ಮಾತು ಓದಿ ಅಮ್ಮ ಎದ್ದು ಒಳಗೆ ಹೋದಳು.

ನಮ್ಮ ಮನೆಯಲ್ಲೇ ಕೇಳಿದೆ. ಬೇಡ ಅಂದಾಗ ಸುಮ್ನೆ ಹೋಗುವ ಮನುಷ್ಯ, ಅದು ನಿಜ. ಆದರೆ ತವರಿಗೆ ಹೋಗಿ ಬರುತ್ತೇನೆ ಅಂದಾಗ ಮುಖ ಸಣ್ಣದಾಯಿತು. "ಅವ್ರಿಗೆ ಮತ್ಯಾಕ ನೋವು ಕೊಡ್ತಿ" ಅಂದರು. ಮಾರನೇ ದಿನ ತಾವೇ ಬಂದು ಫೈಲ್ ಕೊಟ್ಟರು, ಊರಿನ ಹೆಸರು, ಅವರ ಮಾವನ ನಂಬರ್ ಎರಡನ್ನೂ ಬರೆದುಕೊಟ್ಟರು. ಫೈಲಿನಲ್ಲಿ ಪೋಸ್ಟ್‌ಮಾರ್ಟಂ ವರದಿ ಇದೆ, ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸಿದ್ದಾರೆ ಅಂತ ಬರೆದಿದೆ, ಅಲ್ಲಿಂದ ಬಂದ ವರದಿ ಇಲ್ಲ. ನಿಶ್ಚಿತಾರ್ಥ ಸದ್ಯಕ್ಕೆ ಬೇಡ ಅಂದಿದ್ದೇವೆ. ಭಾನುವಾರ ಅಣ್ಣ, ನಾನು ಆ ಊರಿಗೆ ಹೊರಟಿದ್ದೇವೆ.

ಯಾದಗಿರಿ, ವಕೀಲರ ಆಫೀಸಿನಲ್ಲಿ ಕೆಲಸ

ಎಫ್‌ಎಸ್‌ಎಲ್ ವರದಿ ಪೊಲೀಸ್ ಠಾಣೆಯ ಮೂಲಕ ಕೋರ್ಟಿಗೆ ಹೋಗಿರುತ್ತದೆ. ಹೊಟ್ಟೆಯಲ್ಲಿ ವಿಷ ಇತ್ತಾ ಇಲ್ಲವಾ ಅನ್ನುವುದು ಅದರಲ್ಲೇ ಗೊತ್ತಾಗುವುದು. ಬಿ ರಿಪೋರ್ಟ್ ಹಾಕುವ ಮುಂಚೆ ಅದು ಬಂದಿತ್ತಾ ಅಂತ ತಾರೀಖು ನೋಡಿ. ನಕಲು ಅವರ ಹೆಸರಿನಲ್ಲೇ ಅರ್ಜಿ ಹಾಕಿದರೆ ಸುಲಭವಾಗಿ ಸಿಗುತ್ತದೆ, ಅರ್ಜಿಗೆ ಸಹಿ ಮಾಡಿ ಅಂತ ಅವರಿಗೇ ಹೇಳಿ.

ಹುಮನಾಬಾದಿನ ಅಕ್ಕ

ಹೋಗುವ ಮುಂಚೆ ಅವರ ಮಾವನಿಗೆ ಫೋನ್ ಮಾಡಿ ಕೇಳಿಕೊಂಡು ಹೋಗು ತಂಗಿ. ಗಂಡಸರು ಹೊರಗೆ ಕೂತು ಮಾತಾಡಲಿ, ನೀನು ಅಡುಗೆಮನೆಗೆ ಹೋಗಿ ತಾಯಿಯ ಹತ್ತಿರ ಕೂತುಕೋ.