ಕಾಲ್ ಎತ್ತಿ ಅರ್ಧ ನಿಮಿಷಕ್ಕೆ ಕಟ್, ಯಾರಿಗಾದರೂ ಹೀಗೆ ಆಗಿದೆಯಾ?

ಗಲ್ಲಾದವ, ಮಾಟುಂಗಾ:
ಮಾಟುಂಗಾದಲ್ಲಿ ನಮ್ಮದೊಂದು ಚಿಕ್ಕ ಹೋಟೆಲ್. ವರ್ಷದ ಹಿಂದೆ ಲ್ಯಾಂಡ್‌ಲೈನ್ ತೆಗೆಸಿ ಇಂಟರ್ನೆಟ್ ಫೋನ್ ಹಾಕಿಸಿದೆವು. ಗಲ್ಲಾದ ಪಕ್ಕದಲ್ಲೇ ಸೆಟ್, ಪಾರ್ಸಲ್ ಆರ್ಡರ್ ಎಲ್ಲ ಅದಕ್ಕೇ ಬರುತ್ತದೆ. ಏನೂ ತಕರಾರಿರಲಿಲ್ಲ. ಹೋದ ವಾರ ಬ್ರಾಡ್‌ಬ್ಯಾಂಡ್‌ನವರು ಹಳೇ ರೂಟರ್ ಹಾಳಾಗಿದೆ ಅಂತ ಹೊಸದು ಇಟ್ಟು ಹೋದರು, ಅವತ್ತಿನಿಂದ ಶುರು.

ಬಂದ ಕಾಲ್ ಎತ್ತಿದರೆ ಮಾತು ಚೆನ್ನಾಗಿ ಕೇಳುತ್ತದೆ, ಆದರೆ ಅರ್ಧ ನಿಮಿಷ ದಾಟುತ್ತಿದ್ದ ಹಾಗೆ ಟಪ್ ಅಂತ ಕಟ್. "ಎರಡು ಮೈಸೂರು ಮಸಾಲೆ, ಒಂದು ಪ್ಲೇಟ್ ಇಡ್ಲಿ, ಚಟ್ನಿ ಜಾಸ್ತಿ ಹಾಕಿ" ಅನ್ನುವವರೆಗೆ ಸರಿ, ಬಿಲ್ಡಿಂಗ್ ಹೆಸರು ಹೇಳುವಷ್ಟರಲ್ಲಿ ಲೈನ್ ಇಲ್ಲ. ಸುಮ್ನೆ ಗಡಿಯಾರ ನೋಡಿ ಲೆಕ್ಕ ಹಾಕಿದೆ, ಐದು ಸಲವೂ 32 ಸೆಕೆಂಡ್! ಕೆಲವು ಕಾಲ್‌ನಲ್ಲಿ ಇನ್ನೊಂದು ತರಹ: ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗಿಲ್ಲ. ನಾವೇ ಮಾಡಿದ ಕಾಲ್ ಮಾತ್ರ ಕಟ್ ಆಗುವುದಿಲ್ಲ. ಕಸ್ಟಮರ್ ಕೇರ್‌ಗೆ ಹೇಳಿದರೆ ಸ್ಪೀಡ್ ಟೆಸ್ಟ್ ಮಾಡಿ ಅನ್ನುತ್ತಾರೆ. ಸ್ಪೀಡ್‌ಗೆ ಏನಾಗಿದೆ, ಮಾಣಿಗಳೆಲ್ಲ ಅದರಲ್ಲೇ ಕ್ರಿಕೆಟ್ ನೋಡ್ತಾರೆ.

ಥಾಣೆ ಲೋಕಲ್:
ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೇ. ಒಂದು ಸಿಮ್ ತಗೊಂಡು ಆ ನಂಬರ್ ಬೋರ್ಡ್ ಮೇಲೆ ಬರೆಸಿಬಿಡಿ.

ಹಿಂಜವಡಿ ನೈಟ್ ಶಿಫ್ಟ್:
ಪುಣೆಯಲ್ಲಿ ನನ್ನದು ಇದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಗಡಿಯಾರ ನೋಡಿದ್ದು ಬಹಳ ಒಳ್ಳೇದಾಯ್ತು. ಆ 32ರಲ್ಲೇ ಇದೆ ಉತ್ತರ.

ಈ ಫೋನ್‌ಗಳಲ್ಲಿ ರಿಂಗ್ ಮಾಡುವುದು, ಎತ್ತುವುದು, ಇಡುವುದು ಎಲ್ಲ ಸಿಪ್ ಅನ್ನುವ ಪ್ರೋಟೋಕಾಲ್‌ನ, ಅಂದರೆ ಯಂತ್ರಗಳು ಮಾತಾಡಿಕೊಳ್ಳುವ ನಿಯಮದ, ಕೆಲಸ. ಮಾತು ಹೋಗುವುದು ಆರ್‌ಟಿಪಿ ಅನ್ನುವ ಬೇರೆ ದಾರಿಯಲ್ಲಿ. ರಿಂಗ್ ಆಗಿಯೂ ಮಾತು ಕೇಳದೆ ಇರುವುದು ಅದಕ್ಕೇ. ನೀವು ಎತ್ತಿದ ಕೂಡಲೇ ನಿಮ್ಮ ಸೆಟ್ "200 ಓಕೆ" ಅಂತ ಕಳಿಸುತ್ತದೆ, ಆ ಕಡೆಯಿಂದ "ಎಸಿಕೆ", ಅಂದರೆ ಸಿಕ್ಕಿತು ಅಂತ ಬರಬೇಕು. ಬರದಿದ್ದರೆ ಸೆಟ್ ಅರ್ಧ ಸೆಕೆಂಡ್ ಬಿಟ್ಟು, ಆಮೇಲೆ ಒಂದು, ಎರಡು, ನಾಲ್ಕು ಸೆಕೆಂಡ್ ಬಿಟ್ಟು ಅದನ್ನೇ ಕಳಿಸುತ್ತಾ ಇರುತ್ತದೆ. ಎಷ್ಟು ಹೊತ್ತು ಅಂತ ಸಿಪ್‌ನ ನಿಯಮ ಬರೆದಿಟ್ಟ 2002ರ ದಾಖಲೆ ಆರ್‌ಎಫ್‌ಸಿ 3261ರಲ್ಲಿದೆ: ಅರ್ಧ ಸೆಕೆಂಡಿನ 64 ಪಟ್ಟು. ಲೆಕ್ಕ ಹಾಕಿ, 32 ಆಯ್ತಲ್ವಾ? ಅಲ್ಲಿಗೂ ಉತ್ತರ ಇಲ್ಲದಿದ್ದರೆ ಸೆಟ್ ತಾನೇ ಕಾಲ್ ಇಟ್ಟುಬಿಡುತ್ತದೆ. ನೀವು ಮಾಡುವ ಕಾಲ್‌ನಲ್ಲಿ ಎಸಿಕೆ ಕಳಿಸುವುದು ನಿಮ್ಮ ಸೆಟ್ಟೇ, ಅದಕ್ಕೆ ಅದು ಉಳಿಯುತ್ತದೆ.

ಉತ್ತರ ಯಾಕೆ ಬರುತ್ತಿಲ್ಲ? ಸೆಟ್‌ಗೆ ರೂಟರ್ ಕೊಟ್ಟಿರುವುದು 192.168 ಅಂತ ಶುರುವಾಗುವ ಒಳಗಿನ ಅಡ್ರೆಸ್. ಸೆಟ್ ಅದನ್ನೇ ಸಂದೇಶದೊಳಗೆ ಬರೆದು ಕಳಿಸುತ್ತದೆ. "ದೊಡ್ಡಮ್ಮನ ಮನೆ ಹಿತ್ತಲಿನ ಪಕ್ಕ" ಅಂತ ಕವರ್ ಮೇಲೆ ಬರೆದು ದಾದರ್‌ನಲ್ಲಿ ಪೋಸ್ಟ್‌ಗೆ ಹಾಕಿದ ಹಾಗೆ, ಊರಲ್ಲಿ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಇದನ್ನು ತಿದ್ದಲಿಕ್ಕೇ ಅಂತ ರೂಟರ್‌ನಲ್ಲಿ "ಸಿಪ್ ಎಎಲ್‌ಜಿ" ಅನ್ನುವ ಸೆಟ್ಟಿಂಗ್ ಇರುತ್ತದೆ. ಎಷ್ಟೋ ರೂಟರ್‌ಗಳಲ್ಲಿ ಅದು ಅರ್ಧಂಬರ್ಧ ತಿದ್ದಿ ಇದ್ದದ್ದನ್ನೂ ಕೆಡಿಸುತ್ತದೆ. ಹೊಸ ರೂಟರ್‌ನಲ್ಲಿ ಅದು ಆನ್ ಆಗಿಯೇ ಬಂದಿರಬೇಕು. ಆಫ್ ಮಾಡಿ, ರೂಟರ್ ಮತ್ತು ಫೋನ್ ಎರಡನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಸೆಟ್‌ನಲ್ಲಿ "ಸ್ಟನ್" ಇದ್ದರೆ ಹಾಕಿಕೊಳ್ಳಿ, ತನ್ನ ಹೊರಗಿನ ಅಡ್ರೆಸ್ ಏನು ಅಂತ ಸೆಟ್ ಬೇರೆ ಸರ್ವರ್‌ನ ಕೇಳಿ ತಿಳಿದುಕೊಳ್ಳುತ್ತದೆ.

ಒಂದೇ ಕಡೆ ಕೇಳುವುದೂ ಇದೇ ರೋಗ. ಕೆಲವು ಸರ್ವರ್‌ಗಳು ಮಾತು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುತ್ತವೆ, ಅಲ್ಲಿ ಸರಿಹೋಗುತ್ತದೆ. ಇನ್ನು ಕೆಲವು ಸರ್ವರ್‌ಗಳು ಸಂದೇಶದಲ್ಲಿ ಬರೆದ ಅಡ್ರೆಸ್ ನಂಬುತ್ತವೆ, ಅಲ್ಲಿ ಅವರ ಮಾತು ನಿಮಗೆ ತಲುಪುವುದಿಲ್ಲ.

ಸಿಮ್ ಅಂದ ಅಣ್ಣನಿಗೆ: 4ಜಿಯ ವಿಒಎಲ್‌ಟಿಇ ಕಾಲ್, ಅಂದರೆ 4ಜಿ ಡೇಟಾದ ಮೇಲೆಯೇ ಹೋಗುವ ಮೊಬೈಲ್ ಕಾಲ್ ಕೂಡ ಇದೇ ಸಿಪ್, ಇದೇ ಆರ್‌ಟಿಪಿ. ಅಲ್ಲಿ ರಗಳೆ ಕಂಪನಿಯವರದು, ಇಲ್ಲಿ ನಮ್ಮದು.

ಮಡಗಾಂವ್:
ನನಗೆ ಕಟ್ ಆಗಲ್ಲ, ಆದರೆ ಮಗ ಫೋಟೋ ಅಪ್‌ಲೋಡ್ ಮಾಡ್ತಿದ್ದರೆ ನನ್ನ ಮಾತು ಆ ಕಡೆಯವರಿಗೆ ತುಂಡು ತುಂಡಾಗಿ ಕೇಳುತ್ತದೆ. 100 ಎಂಬಿಪಿಎಸ್ ಪ್ಲಾನ್ ಇದೆ. ದೊಡ್ಡದು ತಗೊಳ್ಳಬೇಕಾ?

ಹಿಂಜವಡಿ ನೈಟ್ ಶಿಫ್ಟ್:
ಬೇಡ, ದುಡ್ಡು ದಂಡ. ಜಿ.711 ಕೋಡೆಕ್‌ನಲ್ಲಿ (ಮಾತನ್ನು ಅಂಕಿಗಳಾಗಿಸುವ ಒಂದು ವಿಧಾನ) ಮಾತಿಗೆ ಬೇಕಾಗುವುದು 64 ಕೆಬಿಪಿಎಸ್, ಪ್ಯಾಕೆಟ್‌ಗಳ, ಅಂದರೆ ಮಾತಿನ ತುಂಡುಗಳ, ಮೇಲಿನ ವಿಳಾಸದಂಥ ಹೆಡರ್ ಎಲ್ಲ ಸೇರಿದರೆ 80ರ ಮೇಲೆ ಸ್ವಲ್ಪ. ಸೆಕೆಂಡಿಗೆ 50 ಪ್ಯಾಕೆಟ್, ಒಂದೊಂದರಲ್ಲಿ 20 ಮಿಲಿಸೆಕೆಂಡಿನ ಮಾತು. ಅದು ಹೊತ್ತಿಗೆ ಸರಿಯಾಗಿ ತಲುಪಬೇಕು, ಅಷ್ಟೇ. ಫೋಟೋಗಳ ಹಿಂದೆ ಕ್ಯೂ ನಿಂತು ತಡವಾಗಿ ಬಂದ ಪ್ಯಾಕೆಟನ್ನು ಆ ಕಡೆಯ ಫೋನ್ ಎಸೆದುಬಿಡುತ್ತದೆ, ಊಟ ಮುಗಿಸಿ ಕೈ ತೊಳೆದ ಮೇಲೆ ಸಾರು ಬಡಿಸಿದ ಹಾಗೆ. ರೂಟರ್‌ನಲ್ಲಿ ಕ್ಯೂಓಎಸ್, ಅಂದರೆ ಯಾವುದು ಮೊದಲು ಹೋಗಬೇಕು ಅಂತ ಹೇಳುವ ಸೆಟ್ಟಿಂಗ್, ಇದ್ದರೆ ಫೋನನ್ನು ಮುಂದೆ ಹಾಕಿ. ವೈಫೈ ಬಿಟ್ಟು ಕೇಬಲ್ ಎಳೆದರೆ ಇನ್ನೂ ವಾಸಿ.

ಗಲ್ಲಾದವ, ಮಾಟುಂಗಾ:
ಆಫ್ ಮಾಡಿದೆ, ಸರಿಹೋಯಿತು! ನಮ್ಮ ಹಳೇ ಗಿರಾಕಿ ಅಜ್ಜಿಯೊಬ್ಬರು ಈಗಷ್ಟೇ ನಾಲ್ಕು ನಿಮಿಷ ಮಾತಾಡಿದರು, ಆರ್ಡರ್ ಎರಡು ಇಡ್ಲಿ. ಇನ್ನೊಂದು ಕೇಳುವುದಿದೆ. ಕರೆಂಟ್ ಹೋದರೆ ಈ ಫೋನ್ ಸತ್ತೇ ಹೋಗುತ್ತದೆ, ಹಳೇ ಲೈನ್ ಕತ್ತಲಲ್ಲೂ ರಿಂಗ್ ಆಗುತ್ತಿತ್ತು. ಯಾಕೆ?

ಹಿಂಜವಡಿ ನೈಟ್ ಶಿಫ್ಟ್:
ಆ ತಂತಿಯಲ್ಲಿ ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ 48 ವೋಲ್ಟ್ ಬರುತ್ತಿತ್ತು, ನಿಮ್ಮ ಮನೆ ಕರೆಂಟ್ ಅದಕ್ಕೆ ಬೇಕಿರಲಿಲ್ಲ. ಈಗ ಫೈಬರ್ ಡಬ್ಬಿ, ರೂಟರ್, ಸೆಟ್ ಮೂರಕ್ಕೂ ಸೇರಿ ಒಂದು ಚಿಕ್ಕ ಯುಪಿಎಸ್ ಇಡಿ. ಗ್ರೈಂಡರ್ ಮಾತ್ರ ಅದಕ್ಕೆ ಹಾಕಬೇಡಿ.