‘ಬಾಳು’ ಮತ್ತು ‘ಗಿಟ್ಟು’: ಕರಾರು ಮುಗಿಸಿ ಬಂದ ಆಟಗಾರನ ಬೆಲೆಯನ್ನು ಕನ್ನಡದಲ್ಲಿ ಹೇಳುವುದು ಹೇಗೆ?

ಮಾನ್ಯರೇ,

ಎರಡು ಕ್ರಿಯಾಪದಗಳ ಬಳಕೆಯ ಬಗ್ಗೆ ನನಗಿರುವ ಸಂದೇಹವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅದು ಹುಟ್ಟಿದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಕುರಿತ ಒಂದು ಜಗಳದಿಂದ. ಆದ್ದರಿಂದ ಆಟದ ಸಂಗತಿಯನ್ನೂ ಸ್ವಲ್ಪ ಹೇಳದೆ ವಿಧಿಯಿಲ್ಲ.

ನನ್ನ ಸೋದರಳಿಯ ಫಿಲಡೆಲ್ಫಿಯಾದ ಹತ್ತಿರ ನೆಲೆಸಿದ್ದಾನೆ. ಎನ್‌ಬಿಎ ಎಂಬ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಆ ಊರಿನ ತಂಡವಾದ ಸೆವೆಂಟಿಸಿಕ್ಸರ್ಸ್‌ನ ಕಟ್ಟಾ ಅಭಿಮಾನಿ. 2024ರ ಜುಲೈಯಲ್ಲಿ ಆ ತಂಡವು ಲಾಸ್ ಏಂಜಲಿಸ್ ಕ್ಲಿಪ್ಪರ್ಸ್ ಬಿಟ್ಟು ಬಂದ ಪಾಲ್ ಜಾರ್ಜ್ ಅವರನ್ನು ನಾಲ್ಕು ವರ್ಷಕ್ಕೆ ಸುಮಾರು 21 ಕೋಟಿ 20 ಲಕ್ಷ ಡಾಲರ್‌ಗೆ ಒಪ್ಪಂದ ಮಾಡಿಕೊಂಡು ಸೇರಿಸಿಕೊಂಡಿತು. ಆಗ ಜಾರ್ಜ್ ಅವರಿಗೆ 34 ವರ್ಷ. ಮೊದಲ ಋತುವಿನ 82 ಪಂದ್ಯಗಳಲ್ಲಿ ಅವರು ಆಡಿದ್ದು 41ರಲ್ಲಿ. ತಂಡ 24 ಪಂದ್ಯಗಳನ್ನು ಗೆದ್ದು 58ರಲ್ಲಿ ಸೋತಿತು. ಅಂದಿನಿಂದ ನನ್ನ ಅಳಿಯನಿಗೂ ಅವನ ಗೆಳೆಯರಿಗೂ ನಡೆಯುತ್ತಿರುವ ವಾದವೆಂದರೆ, ಆ ಆಟಗಾರ ಅಷ್ಟು ಹಣಕ್ಕೆ ತಕ್ಕವನೇ, ಅಲ್ಲವೇ ಎಂಬುದು. ಒಂದು ದಿನ ಫೋನಿನಲ್ಲಿ ಅವನು, “ಮಾವ, ನೀವೇ ಹೇಳಿ, ಅವನು ಅಷ್ಟಕ್ಕೆ ವರ್ತಾ?” ಎಂದು ಕೇಳಿದ. ನಾನು ಯೋಚನೆಯನ್ನೇ ಮಾಡದೆ, “ಬಾಳೋದೇನೋ ಬಾಳ್ತಿದ್ದ ಕಣೋ, ನಿಮ್ಮವರಿಗೆ ಗಿಟ್ಟಲಿಲ್ಲ” ಎಂದೆ. “ಎರಡೂ ಒಂದೇ ಅಲ್ವಾ ಮಾವ?” ಎಂದು ಅವನು ಮರುಪ್ರಶ್ನೆ ಹಾಕಿದಾಗ, ಅಲ್ಲ ಎಂದು ಗಟ್ಟಿಯಾಗಿ ಹೇಳಿದೆನೇ ಹೊರತು, ಏಕೆ ಅಲ್ಲ ಎಂಬುದನ್ನು ಬಿಡಿಸಿ ಹೇಳಲು ಆ ಕ್ಷಣಕ್ಕೆ ಆಗಲಿಲ್ಲ. ಆಮೇಲೆ ಯೋಚಿಸಿದಾಗ ಹೊಳೆದದ್ದನ್ನು ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಬೇಕು.

‘ಬಾಳು’ ಎಂದರೆ ಬದುಕು ಎಂಬುದು ಎಲ್ಲರಿಗೂ ಗೊತ್ತು. ಅದೇ ಪದಕ್ಕೆ ಬೆಲೆಯಾಗು ಎಂಬ ಅರ್ಥವೂ ಇದೆಯೆಂಬುದನ್ನು ‘ಬೆಲೆಬಾಳುವ’ ಎಂಬ ಒಂದು ರೂಪವನ್ನು ಬಿಟ್ಟರೆ ಇಂದಿನ ಬರಹದ ಕನ್ನಡ ಹೆಚ್ಚು ಕಡಿಮೆ ಮರೆತಿದೆ. ಆಡುಮಾತು ಮರೆತಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ “ಈ ಜೋಡಿ ಒಂದು ಲಕ್ಷ ಬಾಳುತ್ತೆ” ಎಂದರೆ, ಕೊಳ್ಳುವವನು ಯಾರೇ ಆಗಲಿ, ಇವತ್ತಿನ ಪೇಟೆಯಲ್ಲಿ ಆ ಎತ್ತುಗಳಿಗೆ ಅಷ್ಟು ಬೆಲೆ ಸಲ್ಲುತ್ತದೆ ಎಂದು ಅರ್ಥ. ಇಲ್ಲಿ ಕರ್ತೃಪದ ವಸ್ತು. ಬೆಲೆ ಅದರ ಪಕ್ಕದಲ್ಲಿ ನಿಲ್ಲುತ್ತದೆ. ಕೊಳ್ಳುವವನಿಗೆ ವಾಕ್ಯದಲ್ಲಿ ಜಾಗವೇ ಇಲ್ಲ.

‘ಗಿಟ್ಟು’ ಹಾಗಲ್ಲ. “ಆ ರೇಟಿಗೆ ಕೊಟ್ಟರೆ ನಮಗೆ ಗಿಟ್ಟೋದಿಲ್ಲಮ್ಮ” ಎನ್ನುವ ತರಕಾರಿಯವಳ ಮಾತಿನಲ್ಲಿ ‘ನಮಗೆ’ ಎಂಬುದನ್ನು ತೆಗೆದರೂ ಅದು ಒಳಗೆ ಇದ್ದೇ ಇರುತ್ತದೆ. ಗಿಟ್ಟುವುದಾದರೆ ಯಾರಿಗಾದರೂ ಗಿಟ್ಟಲೇಬೇಕು. ಚತುರ್ಥಿ ವಿಭಕ್ತಿಯಿಲ್ಲದೆ ಈ ಕ್ರಿಯಾಪದಕ್ಕೆ ನೆಲೆಯಿಲ್ಲ. ಕೂಲಿ ಕೊಟ್ಟು ಕೀಳಿಸಿ, ಬಾಡಿಗೆ ಕೊಟ್ಟು ಮಾರುಕಟ್ಟೆಗೆ ಸಾಗಿಸಿದರೆ ಟೊಮೆಟೊ ಗಿಟ್ಟುವುದಿಲ್ಲವೆಂದು ಕೋಲಾರದ ರೈತ ಹೇಳುವಾಗ, ಟೊಮೆಟೊಗೆ ಬೆಲೆಯೇ ಇಲ್ಲವೆಂದು ಅವನು ಹೇಳುತ್ತಿಲ್ಲ. ಆ ಬೆಲೆಯಲ್ಲಿ ತನ್ನ ಲೆಕ್ಕ ಕೂಡಿಬರುವುದಿಲ್ಲ ಎನ್ನುತ್ತಿದ್ದಾನೆ. ವಸ್ತು ಅಷ್ಟು ಬಾಳಬಹುದು, ನಮಗೆ ಗಿಟ್ಟದೇ ಇರಬಹುದು. ಅಳಿಯ ಬಳಸಿದ ‘ವರ್ತ್’ (worth) ಎಂಬ ಇಂಗ್ಲಿಷ್ ಪದ ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ನನ್ನ ಅಳಿಯನ ಗೆಳೆಯರ ಜಗಳ ಮುಗಿಯದಿರಲು ಅರ್ಧ ಕಾರಣ ಅದೇ ಎಂದು ನನ್ನ ಅನುಮಾನ.

ಎನ್‌ಬಿಎಯಲ್ಲಿ ಈ ವ್ಯತ್ಯಾಸ ಬರೀ ಮಾತಿನದಲ್ಲ. ಅಲ್ಲಿ ತಂಡದ ಒಟ್ಟು ಸಂಬಳಕ್ಕೆ ವೇತನ ಮಿತಿಯೊಂದಿದೆ. 2024–25ರ ಋತುವಿನಲ್ಲಿ ಅದು ಸುಮಾರು 14 ಕೋಟಿ 6 ಲಕ್ಷ ಡಾಲರ್ ಇತ್ತು. ಜಾರ್ಜ್ ಅವರ ಮೊದಲ ವರ್ಷದ ಸಂಬಳ ಸುಮಾರು 4 ಕೋಟಿ 92 ಲಕ್ಷ, ಅಂದರೆ ಮಿತಿಯಲ್ಲಿ ನೂರಕ್ಕೆ 35 ಭಾಗ. ಹಿಂದಿನ ಋತುವಿನಲ್ಲಿ 74 ಪಂದ್ಯಗಳನ್ನಾಡಿ ಸರಾಸರಿ 22.6 ಅಂಕ ಗಳಿಸಿದ್ದ, ಲೀಗಿನ ಅತ್ಯುತ್ತಮ ಆಟಗಾರರ ಆಲ್‌ಸ್ಟಾರ್ ಪಂದ್ಯಕ್ಕೆ ಒಂಬತ್ತು ಸಲ ಆಯ್ಕೆಯಾಗಿದ್ದ ಆಟಗಾರ ಆ ದಿನದ ಪೇಟೆಯಲ್ಲಿ ಅಷ್ಟು ಬಾಳುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವರನ್ನು ಚೆನ್ನಾಗಿ ಬಲ್ಲ ಕ್ಲಿಪ್ಪರ್ಸ್ ಅವರನ್ನು ಬಿಟ್ಟುಕೊಟ್ಟಿತು. ತನ್ನ ಆಟಗಾರನನ್ನು ಉಳಿಸಿಕೊಳ್ಳಲು ತಂಡವು ಮಿತಿಯನ್ನು ಮೀರಬಹುದಾದರೂ, 2023ರಲ್ಲಿ ಲೀಗಿಗೂ ಆಟಗಾರರ ಸಂಘಕ್ಕೂ ಆದ ಒಪ್ಪಂದದ ನಂತರ ಮಿತಿಯಿಂದ ಬಹಳ ಮೇಲೆ ಹೋದ ತಂಡಗಳು ಬೇರೆ ಆಟಗಾರರನ್ನು ವಿನಿಮಯದಿಂದ ಪಡೆಯುವುದು ಬಹಳ ಕಷ್ಟವಾಗಿದೆ. ಕ್ಲಿಪ್ಪರ್ಸ್ ಹೊರಡಿಸಿದ ಹೇಳಿಕೆಯಲ್ಲಿ ಆಟಗಾರನ ಬಗ್ಗೆ ಹೊಗಳಿಕೆಯೇ ಇತ್ತು. ಜೊತೆಗೆ ಆ ಹೊಸ ಕಟ್ಟುಪಾಡಿನ ಮಾತೂ ಇತ್ತು. ಅದನ್ನು ಕನ್ನಡಕ್ಕೆ ತಂದರೆ ಒಂದೇ ಸಾಲು: ನೀವು ಬಾಳುತ್ತೀರಿ, ನಮಗೆ ಗಿಟ್ಟುವುದಿಲ್ಲ.

ಫಿಲಡೆಲ್ಫಿಯಾದ ಲೆಕ್ಕ ಬೇರೆಯೇ ಇತ್ತು. ತಂಡದ ಆಟಗಾರ ಟೊಬಾಯಸ್ ಹ್ಯಾರಿಸ್ ಅವರ ದೊಡ್ಡ ಒಪ್ಪಂದವು ಆ ಬೇಸಿಗೆಯಲ್ಲಿ ಮುಗಿದುದರಿಂದ ಮಿತಿಯೊಳಗೆ ಬಹಳ ಜಾಗ ತೆರವಾಗಿತ್ತು. ತಂಡದ ಇನ್ನೊಬ್ಬ ಆಟಗಾರ ಟೈರೀಸ್ ಮ್ಯಾಕ್ಸಿ ಅವರ ಹೊಸ ಒಪ್ಪಂದಕ್ಕೆ ಸಹಿ ಬೀಳುತ್ತಿದ್ದಂತೆ ಆ ಜಾಗ ಮುಚ್ಚಿಹೋಗುತ್ತಿತ್ತು. ಹಾಗೆ ತೆರವಾದ ಜಾಗವನ್ನು ಮುಂದಿನ ವರ್ಷಕ್ಕೆಂದು ಕೂಡಿಡಲಾಗುವುದಿಲ್ಲ. ಅಳಿಯನ ವಾದವೆಲ್ಲ ಇದರ ಮೇಲೆಯೇ ನಿಂತಿದೆ: ಬಳಸದೆ ಬಿಟ್ಟರೆ ಹೇಗೂ ಹೋಗುವ ಹಣ, ಅದರಲ್ಲಿ ಇದ್ದವರ ಪೈಕಿ ಒಳ್ಳೆಯವನನ್ನು ತಂದರೆ ತಪ್ಪೇನು? ಅವನ ಗೆಳೆಯರು ಇದಕ್ಕೆ ಉತ್ತರವಾಗಿ ಮತ್ತೆ ಮತ್ತೆ ಹೇಳುವುದು 41 ಪಂದ್ಯಗಳ ಲೆಕ್ಕವನ್ನು. ಅವನು ಗಿಟ್ಟುವಿಕೆಯ ಬಗ್ಗೆ ಮಾತಾಡಿದರೆ, ಅವರು ಬಾಳುವಿಕೆಯ ಬಗ್ಗೆ ಉತ್ತರ ಕೊಡುತ್ತಾರೆ. ಹೀಗಿರುವಾಗ ಒಮ್ಮತ ಎಲ್ಲಿಂದ ಬರಬೇಕು?

‘ಬಾಳು’ ಎಂಬುದು ವಸ್ತುವಿನ ಒಳಗೇ ಇರುವ ಗುಣವಲ್ಲ ಎಂಬುದಕ್ಕೂ ಎನ್‌ಬಿಎಯಲ್ಲೇ ಒಳ್ಳೆಯ ಉದಾಹರಣೆ ಸಿಗುತ್ತದೆ. 2016ರಲ್ಲಿ ಹೊಸ ಟಿವಿ ಪ್ರಸಾರದ ಹಣ ಬಂದು ವೇತನ ಮಿತಿ 7 ಕೋಟಿ ಡಾಲರ್‌ನಿಂದ ಒಂದೇ ಸಲ 9 ಕೋಟಿ 41 ಲಕ್ಷಕ್ಕೆ ಏರಿತು. ಎಲ್ಲ ತಂಡಗಳ ಕೈಯಲ್ಲೂ ಏಕಕಾಲಕ್ಕೆ ಹಣ. ಒಳ್ಳೆಯ ಆಟಗಾರರು ಎಂದಿನಷ್ಟೇ ಮಂದಿ. ಮೆಂಫಿಸ್ ತಂಡವು ಅಲ್ಲಿಯವರೆಗೆ ಒಮ್ಮೆಯೂ ಆಲ್‌ಸ್ಟಾರ್ ಆಗದಿದ್ದ ಮೈಕ್ ಕಾನ್ಲಿ ಅವರಿಗೆ ಐದು ವರ್ಷಕ್ಕೆ 15 ಕೋಟಿ 30 ಲಕ್ಷ ಡಾಲರ್ ಕೊಡಲು ಒಪ್ಪಿದಾಗ ಅದು ಲೀಗಿನ ಚರಿತ್ರೆಯಲ್ಲೇ ಅತಿ ದೊಡ್ಡ ಮೊತ್ತವಾಗಿತ್ತು, ನಕ್ಕವರು ಬಹಳ. ಮರುವರ್ಷ ಅವರು ಅದುವರೆಗಿನ ತಮ್ಮ ಅತ್ಯುತ್ತಮ ಸರಾಸರಿಯಾದ 20.5 ಅಂಕ ಗಳಿಸಿ ನಗೆಯನ್ನು ನಿಲ್ಲಿಸಿದರು. ಅದೇ ಬೇಸಿಗೆಯಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡ ಜೋಕಿಮ್ ನೋವಾ ಅವರಿಗೆ ನಾಲ್ಕು ವರ್ಷಕ್ಕೆ 7 ಕೋಟಿ 20 ಲಕ್ಷ ಕೊಟ್ಟಿತು. ಅವರು ಎರಡು ಋತುಗಳಲ್ಲಿ ಒಟ್ಟು 53 ಪಂದ್ಯಗಳನ್ನಾಡಿದರು, 2018ರ ಅಕ್ಟೋಬರ್‌ನಲ್ಲಿ ತಂಡವೇ ಅವರನ್ನು ಕೈಬಿಟ್ಟಿತು, ಸಂಬಳವನ್ನು ಮಾತ್ರ ಕೊಡುತ್ತಲೇ ಹೋಗಬೇಕಾಯಿತು. ಸಹಿ ಮಾಡಿದ ದಿನ ಇಬ್ಬರೂ ಪೇಟೆಯ ಬೆಲೆಯಷ್ಟು ಬಾಳುತ್ತಿದ್ದವರೇ. ನೋವಾ ಅವರ ವಿಷಯದಲ್ಲಿ ಕೆಟ್ಟದ್ದು ಬೆಲೆಯಲ್ಲ, ಬಾಳಿಕೆ.

ಈ ‘ಬಾಳಿಕೆ’ ಎಂಬ ಮೂರನೆಯ ಪದ ತಾನಾಗಿಯೇ ಬಂದು ಕೂತಿತು ನೋಡಿ. ಬಟ್ಟೆ ಅಂಗಡಿಯಲ್ಲಿ, ಪಾತ್ರೆ ಅಂಗಡಿಯಲ್ಲಿ “ಬಾಳಿಕೆ ಬರುತ್ತಾ?” ಎಂದು ಕೇಳದೆ ನಮ್ಮ ತಾಯಂದಿರು ಏನನ್ನೂ ಕೊಂಡವರಲ್ಲ. ಬದುಕುವುದು, ಬೆಲೆಯಾಗುವುದು, ಬಹುಕಾಲ ಉಳಿಯುವುದು, ಮೂರಕ್ಕೂ ಒಂದೇ ಬೇರು. ಹಳಗನ್ನಡದಲ್ಲಿ ಅದು ‘ಬಾೞ್’. 34 ವರ್ಷದ, ಹಿಂದೊಮ್ಮೆ ಕಾಲು ಮುರಿದುಕೊಂಡು ಚೇತರಿಸಿಕೊಂಡಿದ್ದ ಆಟಗಾರನಿಗೆ ನಾಲ್ಕು ವರ್ಷದ ಒಪ್ಪಂದ ಕೊಡುವಾಗ ಕೇಳಬೇಕಾದ ಪ್ರಶ್ನೆಯೂ ಇದೇ. ಹಾಗಾಗಿ ಅಳಿಯನಿಗೆ ನಾನು ಕೊಟ್ಟ ಉತ್ತರವನ್ನು ತಿದ್ದಿಕೊಳ್ಳಬೇಕಾಗಿದೆ: ಬಾಳುತ್ತಿದ್ದ, ಬಾಳಿಕೆ ಬರಲಿಲ್ಲ, ಅದರಿಂದ ಗಿಟ್ಟಲಿಲ್ಲ.

ಇನ್ನು ನನ್ನ ನಿಜವಾದ ಅಳುಕನ್ನು ಹೇಳುತ್ತೇನೆ. ಎತ್ತಿಗೆ, ಸೀರೆಗೆ, ನಿವೇಶನಕ್ಕೆ ಬಳಸುವ ‘ಬಾಳು’ವನ್ನು ಮನುಷ್ಯನಿಗೆ ಬಳಸಬಹುದೇ? ಮನುಷ್ಯನ ವಿಷಯದಲ್ಲಿ ನಾನು ಈ ಪದವನ್ನು ಕೇಳಿರುವುದು ಬಹುಮಟ್ಟಿಗೆ ಬೈಗುಳದಲ್ಲೇ, “ಮೂರು ಕಾಸು ಬಾಳದವನು” ಎಂಬಂತೆ. ಗೆಳೆತನದ ಸಲುಗೆಯ ಮಾತಿನಲ್ಲಿ ನಡೆಯುವುದು ಪತ್ರಿಕೆಯ ಬರಹದಲ್ಲಿ ನಡೆಯಲಾರದು. “ಅವರ ಆಟ ಅಷ್ಟು ಬಾಳುತ್ತದೆಯೇ” ಎಂದು ಆಟವನ್ನೇ ಕರ್ತೃವಾಗಿಸಿದರೆ ಮರ್ಯಾದೆ ಉಳಿಯುತ್ತದೆ ಎಂದು ನನಗನ್ನಿಸುತ್ತದೆ. ‘ಅರ್ಹ’, ‘ಯೋಗ್ಯ’ ಎಂಬ ಪದಗಳನ್ನು ಬಳಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು ಎಂದೇ ನನ್ನ ಅಭಿಪ್ರಾಯ. ಆ ಪದಗಳು ಬಹುಮಾನಕ್ಕೋ ಹುದ್ದೆಗೋ ಸರಿ, ಅವುಗಳಲ್ಲಿ ವ್ಯಾಪಾರದ ವಾಸನೆಯೇ ಇಲ್ಲ. ಇಲ್ಲಿ ನಡೆಯುತ್ತಿರುವುದು ಚೊಕ್ಕ ವ್ಯಾಪಾರ.

ವ್ಯಾಪಾರವೆಂದ ಮೇಲೆ ‘ಬಿಕರಿ’ಯ ಮಾತನ್ನೂ ಎತ್ತಬೇಕು. 2024ರ ನವೆಂಬರ್‌ನ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ 27 ಕೋಟಿ ರೂಪಾಯಿಗೆ ಲಖನೌ ಪಾಲಾದಾಗ ‘ಬಿಕರಿಯಾದರು’ ಎಂದು ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ, ಏಕೆಂದರೆ ಅಲ್ಲಿ ಹೆಚ್ಚು ಕೂಗಿದವರಿಗೆ ಆಟಗಾರ ಸೇರುತ್ತಾನೆ. ಎನ್‌ಬಿಎಯಲ್ಲಿ ಕರಾರು ಮುಗಿದವನು ತಾನೇ ತಂಡವನ್ನು ಆರಿಸಿಕೊಳ್ಳುತ್ತಾನೆ. ಅವನಿಗೆ ‘ಬಿಕರಿ’ ಎಂದರೆ ಅರ್ಥವೇ ತಿರುವುಮುರುವಾಗುತ್ತದೆ. ಈ ಹಕ್ಕು ಅಲ್ಲಿ ಪುಕ್ಕಟೆ ಬಂದದ್ದೂ ಅಲ್ಲ. 1969ರಲ್ಲಿ ಕರ್ಟ್ ಫ್ಲಡ್ ಎಂಬ ಬೇಸ್‌ಬಾಲ್ ಆಟಗಾರ, ತನ್ನನ್ನು ಕೇಳದೆ ಬೇರೆ ತಂಡಕ್ಕೆ ವರ್ಗ ಮಾಡಿದಾಗ (ಆ ತಂಡವೂ ಫಿಲಡೆಲ್ಫಿಯಾದ್ದೇ ಎಂಬುದು ಕಾಕತಾಳೀಯ), ತಾನು ಕೊಂಡು ಮಾರುವ ಸ್ವತ್ತಲ್ಲವೆಂದು ಲೀಗಿನ ಮುಖ್ಯಸ್ಥರಿಗೆ ಪತ್ರ ಬರೆದು ನ್ಯಾಯಾಲಯಕ್ಕೆ ಹೋದರು, 1972ರಲ್ಲಿ ಸೋತರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದೇ ಹಕ್ಕಿಗಾಗಿ ಆಟಗಾರ ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲಿ 1970ರಲ್ಲಿ ಹೂಡಿದ ದಾವೆ 1976ರಲ್ಲಿ ರಾಜಿಯಲ್ಲಿ ಮುಗಿಯಿತು. ಯಾವ ತಡೆಯೂ ಇಲ್ಲದೆ ತಂಡ ಬದಲಿಸುವ ಸ್ವಾತಂತ್ರ್ಯ ಮೊದಲು ದಕ್ಕಿದ್ದು 1988ರಲ್ಲಿ, ಸಿಯಾಟಲ್ ಬಿಟ್ಟು ಫೀನಿಕ್ಸ್ ಸೇರಿದ ಟಾಮ್ ಚೇಂಬರ್ಸ್ ಅವರಿಗೆ.

ಇದರಿಂದಾಗಿಯೇ ಅಂಥ ಆಟಗಾರನ ಹೆಸರಿನಲ್ಲಿ ‘ಮುಕ್ತ’ ಎಂಬುದು ಉಳಿಯಬೇಕೆಂದು ನನ್ನ ಹಟ. ಕರಾರು ಮುಗಿದವನಿಗೆ ಇಂಗ್ಲಿಷಿನಲ್ಲಿರುವ ‘ಫ್ರೀ ಏಜೆಂಟ್’ ಎಂಬ ಹೆಸರನ್ನು ‘ಮುಕ್ತ ಏಜೆಂಟ್’ ಎಂದರೆ ನಮ್ಮ ಓದುಗನ ಕಣ್ಣಮುಂದೆ ಬರುವುದು ವಿಮೆಯವನೋ ನಿವೇಶನದ ದಲ್ಲಾಳಿಯೋ. ಸಾಲದ್ದಕ್ಕೆ ಆಟಗಾರನ ಪರವಾಗಿ ಚೌಕಾಸಿ ಮಾಡುವ ಏಜೆಂಟ್ ಬೇರೆಯೇ ಇದ್ದಾನೆ. ‘ಋಣಮುಕ್ತ’ದ ಜಾಡಿನಲ್ಲಿ ‘ಕರಾರುಮುಕ್ತ ಆಟಗಾರ’ ಎನ್ನಬಹುದೆಂದು ನನ್ನ ಸಲಹೆ. ‘ಗುತ್ತಿಗೆ’ಯನ್ನು ಮಾತ್ರ ಹತ್ತಿರ ಸೇರಿಸಬಾರದು: ಕ್ರಿಕೆಟ್ಟಿನಲ್ಲಿ ‘ಕೇಂದ್ರ ಗುತ್ತಿಗೆ’ ರೂಢಿಯಾಗಿದೆ, ನಿಜ, ಆದರೆ ‘ಗುತ್ತಿಗೆ ನೌಕರ’ ಎಂದಾಗ ನಮಗೆ ಕೇಳುವುದು ನಾಳೆಯ ಭರವಸೆಯಿಲ್ಲದ ಕೆಲಸ. ಎನ್‌ಬಿಎ ಒಪ್ಪಂದವಾದರೋ ಬಹುಪಾಲು ಪೂರ್ಣ ಖಾತರಿಯದು. ಮಂಡಿ ನೋವೆಂದು ಕೂತರೂ ಸಂಬಳ ಬರುತ್ತದೆ.

ಕರಾವಳಿಯವರಿಗೊಂದು ಪ್ರಶ್ನೆ. ಯಕ್ಷಗಾನ ಕಲಾವಿದರು ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟಕ್ಕೆ ಬೇರೆ ಮೇಳ ಸೇರುವುದುಂಟು. ಒಂದು ಮೇಳ ಬಿಟ್ಟು ಇನ್ನೊಂದನ್ನು ಇನ್ನೂ ಒಪ್ಪಿಕೊಳ್ಳದ ಕಲಾವಿದನಿಗೆ ನಿಮ್ಮ ಮಾತಿನಲ್ಲಿ ಹೆಸರಿದೆಯೇ? ಇದ್ದರೆ ನನ್ನ ‘ಕರಾರುಮುಕ್ತ’ವನ್ನು ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ. ಧಾರವಾಡ, ಕಲಬುರಗಿ ಕಡೆಯವರು ತಮ್ಮಲ್ಲಿ ‘ಬಾಳು’ ಬೆಲೆಯ ಅರ್ಥದಲ್ಲಿ ನಡೆಯುತ್ತದೆಯೇ, ನಡೆದರೆ ಮನುಷ್ಯರಿಗೂ ಸಲ್ಲುತ್ತದೆಯೇ ಎಂದು ತಿಳಿಸಬೇಕು.

‘ಸರಿಗಟ್ಟು’ ಎಂಬ ಒಂದು ಪದದ ಬಗ್ಗೆ ಮಾತ್ರ ನನಗೆ ಚಿಂತೆಯಿಲ್ಲ. ಕೆಲವು ಕಿರಿಯ ಆಟಗಾರರ ಸ್ವಾತಂತ್ರ್ಯ ಅರೆಬರೆ. ಬೇರೆ ತಂಡ ಎಷ್ಟು ಕೊಡುತ್ತದೆಯೋ ಅಷ್ಟನ್ನೇ ಕೊಟ್ಟು ಹಳೆಯ ತಂಡ ಅವರನ್ನು ಉಳಿಸಿಕೊಳ್ಳಬಹುದು. 2016ರಲ್ಲಿ ಮಯಾಮಿ ತಂಡದ ಟೈಲರ್ ಜಾನ್ಸನ್ ಅವರಿಗೆ ಬ್ರೂಕ್ಲಿನ್ ತಂಡವು ನಾಲ್ಕು ವರ್ಷಕ್ಕೆ 5 ಕೋಟಿ ಡಾಲರ್ ಕೊಡಲು ಮುಂದಾಯಿತು. ಮೊದಲ ಎರಡು ವರ್ಷ ಕಡಿಮೆ, ಕೊನೆಯ ಎರಡು ವರ್ಷ ತಲಾ ಸುಮಾರು 1 ಕೋಟಿ 90 ಲಕ್ಷ, ಮಯಾಮಿಗೆ ಗಿಟ್ಟಬಾರದೆಂದೇ ಹೂಡಿದ ಲೆಕ್ಕ ಅದು. ಮಯಾಮಿ ಅದನ್ನು ಸರಿಗಟ್ಟಿತು. ಮೂರನೆಯ ವರ್ಷ, ದೊಡ್ಡ ಸಂಬಳ ಶುರುವಾದ ಋತುವಿನಲ್ಲೇ, ಅವರನ್ನು ಫೀನಿಕ್ಸ್‌ಗೆ ಸಾಗಹಾಕಿತು.